ಎರಡು ಸಲ ಬೆಂದರೆ ಬಿಸ್ಕತ್ತು: ಹೆಸರನ್ನೇ ನಂಬಿ ಮನೆಯಲ್ಲಿ ರಸ್ಕು ಮಾಡುವ ಬಗೆ

ಬೇಕರಿಯ ಗಾಜಿನ ಕಪಾಟಿನಲ್ಲಿ ಬಿಸ್ಕತ್ತು ಎಂಬ ಹೆಸರಿಗೆ ನಿಜವಾದ ಹಕ್ಕುದಾರ ಯಾರು ಎಂದು ಕೇಳಿದರೆ ನಾನು ಬೆಣ್ಣೆ ಬಿಸ್ಕತ್ತನ್ನೂ ತೋರಿಸುವುದಿಲ್ಲ, ಖಾರಾ ಬಿಸ್ಕತ್ತನ್ನೂ ತೋರಿಸುವುದಿಲ್ಲ. ಕೆಳಗಿನ ಸಾಲಿನ ಡಬ್ಬದಲ್ಲಿರುವ ರಸ್ಕನ್ನು ತೋರಿಸುತ್ತೇನೆ. ಬಿಸ್ಕತ್ತು ಎಂದರೆ ಎರಡು ಸಲ ಬೆಂದದ್ದು. ಬೆಣ್ಣೆ ಬಿಸ್ಕತ್ತು ಒಂದೇ ಸಲ ಒಲೆಗೆ ಹೋಗಿ ಬರುತ್ತದೆ. ರಸ್ಕು ಎರಡು ಸಲ ಹೋಗುತ್ತದೆ, ಮೊದಲು ಬ್ರೆಡ್ಡಾಗಿ, ಆಮೇಲೆ ಸ್ಲೈಸಾಗಿ.

ಹನುಮಂತನಗರದ ನಮ್ಮ ಬೇಕರಿಯಲ್ಲಿ ಅಪ್ಪನ ಕಾಲದಿಂದಲೂ ರಸ್ಕು ಮಾಡುತ್ತಿದ್ದೇವೆ. ಅಪ್ಪ ಹಾಸನದ ಕಡೆಯಿಂದ ಬಂದವರು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳವರಲ್ಲಿ ಬಹಳ ಮಂದಿಯ ಬೇರು ಆ ಸೀಮೆಯದೇ. 1898ರಲ್ಲಿ ಚಿಕ್ಕಪೇಟೆಯಲ್ಲಿ ತಿರುಮಲಾಚಾರ್ ತೆರೆದ ಬೆಂಗಳೂರು ಬ್ರದರ್ಸ್ ಬೇಕರಿಯಿಂದ ಈ ಕಸುಬಿನ ಲೆಕ್ಕ ಹಿಡಿಯುವುದು ನಮ್ಮವರ ವಾಡಿಕೆ. ಅಪ್ಪನಿಗೆ ಇಂಗ್ಲಿಷ್ ಪದದ ಚರಿತ್ರೆ ಗೊತ್ತಿರಲಿಲ್ಲ. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಅವರು ಹೇಳುತ್ತಿದ್ದ ಮಾತಿನಲ್ಲಿ ಆ ಚರಿತ್ರೆಯೆಲ್ಲ ಅಡಗಿತ್ತು: “ಮೊದಲನೆಯ ಸಲ ಬೇಯಿಸಬೇಕು, ಎರಡನೆಯ ಸಲ ಒಣಗಿಸಬೇಕು. ಎರಡೂ ಸಲ ಬೇಯಿಸಿದರೆ ಕರಕಲಾಗುತ್ತದೆ.”

ಮನೆಯಲ್ಲಿ ರಸ್ಕು ಮಾಡಲು ಹೊರಟವರಿಗೆ ಸಾಮಾನ್ಯವಾಗಿ ಕೈಕೊಡುವುದು ಈ ಎರಡನೆಯ ಸಲವೇ. ಹೊರಗೆ ಕೆಂಪಾಗಿರುತ್ತದೆ, ಮುರಿದರೆ ನಡುವೆ ಚರ್ಮದ ಹಾಗೆ ಎಳೆಯುತ್ತದೆ. ಅಳತೆ ಸರಿಯಿದ್ದರೂ ಹೀಗಾಗುತ್ತದೆ, ಏಕೆಂದರೆ ಕಾರಣ ಅಳತೆಯಲ್ಲಿಲ್ಲ. ಆದ್ದರಿಂದ ಮೊದಲು ಪದವನ್ನು ಬಿಡಿಸಿ ನೋಡಿ ಆಮೇಲೆ ಹಿಟ್ಟಿಗೆ ಕೈ ಹಾಕೋಣ.

ಪದದೊಳಗಿನ ಪಾಕ

ಲ್ಯಾಟಿನ್ ಭಾಷೆಯಲ್ಲಿ ‘ಬಿಸ್’ ಎಂದರೆ ಎರಡು ಬಾರಿ. ‘ಕಾಕ್ಟುಸ್’ ಎಂದರೆ ಬೆಂದದ್ದು. ಎರಡೂ ಕೂಡಿ ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ಬಿಸ್ಕಾಕ್ಟುಮ್’ ಆಯಿತು, ಹಳೆಯ ಫ್ರೆಂಚಿನಲ್ಲಿ ಸವೆದು ‘ಬೆಸ್ಕುಯಿಟ್’ ಆಯಿತು, ಅಲ್ಲಿಂದ ಇಂಗ್ಲಿಷಿಗೆ ಹೋಯಿತು. ಇಂಗ್ಲಿಷರು ಬಹುಕಾಲ ಅದನ್ನು ಬಾಯಲ್ಲಿ ಹೇಳುವ ಹಾಗೆಯೇ ‘ಬಿಸ್ಕೆಟ್’ ಎಂದು ಸರಳವಾಗಿ ಬರೆಯುತ್ತಿದ್ದರು. ಆಮೇಲೆ ಫ್ರೆಂಚರ ಕಾಗುಣಿತ ತಂದುಕೊಂಡರು, ಉಚ್ಚಾರಣೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ಶಾಲೆಯ ಮಕ್ಕಳು ಈ ಪದದ ನಡುವೆ ಬರುವ ‘ಯು’ ಅಕ್ಷರವನ್ನು ಮರೆತು ಪೆಟ್ಟು ತಿನ್ನುವುದಕ್ಕೆ ಕಾರಣ ಇದು. ಆ ಅಕ್ಷರಕ್ಕೆ ಬರವಣಿಗೆಯಲ್ಲಿ ಜಾಗವಿದೆ, ನಾಲಿಗೆಯ ಮೇಲೆ ಕೆಲಸವಿಲ್ಲ.

ಕನ್ನಡದವರಾದ ನಮಗೆ ಈ ಪದ ಅಷ್ಟೇನೂ ಪರಕೀಯವಲ್ಲ. ಲ್ಯಾಟಿನ್ನಿನ ‘ಬಿಸ್’ ಮತ್ತು ಸಂಸ್ಕೃತದ ‘ದ್ವಿಃ’ ಒಂದೇ ಮೂಲದಿಂದ ಬಂದವು. ‘ಕಾಕ್ಟುಸ್’ ಎಂಬುದಕ್ಕೂ ಸಂಸ್ಕೃತದ ‘ಪಕ್ವ’ ಎಂಬುದಕ್ಕೂ ಅದೇ ನಂಟು. ನಾವು ದಿನವೂ ಆಡುವ ಪಾಕ, ಪಚನ, ಪಕ್ವ ಎಂಬ ಮಾತುಗಳು ಯಾವ ಧಾತುವಿನಿಂದ ಹುಟ್ಟಿದವೋ ಅದರ ಯುರೋಪಿನ ಬಳಗದಿಂದಲೇ ಇಂಗ್ಲಿಷಿನ ‘ಕುಕ್’ ಮತ್ತು ‘ಕಿಚನ್’ ಎಂಬ ಪದಗಳೂ ಬಂದವು. ಬಿಸ್ಕತ್ತು ಎಂದರೆ ದ್ವಿಃಪಕ್ವ ಎಂದರೆ ನಮ್ಮ ಅಂಗಡಿಗೆ ಸಂಜೆ ಬರುವ ಸಂಸ್ಕೃತ ಮೇಷ್ಟ್ರು ತಲೆದೂಗುತ್ತಾರೆ.

ಜರ್ಮನ್ನರು ಇದೇ ತಿನಿಸನ್ನು ‘ಜ್ವೀಬಾಕ್’ ಎನ್ನುತ್ತಾರೆ. ಅದರ ಅರ್ಥವೂ ಎರಡು ಸಲ ಸುಟ್ಟದ್ದು ಎಂದೇ. ಇಟಲಿಯ ಬಿಸ್ಕಾಟಿ ಹೆಸರಿನಲ್ಲೂ ಅದೇ ಇದೆ. ಈಗ ಬೆಂಗಳೂರಿನ ಕಾಫಿ ಅಂಗಡಿಗಳಲ್ಲಿ ಬಾದಾಮಿ ತುಂಬಿದ ಉದ್ದನೆಯ ಬಿಸ್ಕಾಟಿ ಸಿಗುತ್ತದೆ. ಅದನ್ನು ಮಾಡುವವರು ಮೊದಲು ಹಿಟ್ಟನ್ನು ದಪ್ಪ ಕೊರಡಿನಂತೆ ಉರುಟಿ ಬೇಯಿಸಿ, ಓರೆಯಾಗಿ ಕೊಯ್ದು, ಮತ್ತೆ ಒಳಗಿಡುತ್ತಾರೆ. ನಮ್ಮ ರಸ್ಕಿನ ದಾಯಾದಿಯೇ. ರಸ್ಕು ಎಂಬ ಪದ ಮಾತ್ರ ಬೇರೆ ದಾರಿಯಿಂದ ಬಂದದ್ದು. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ‘ರೋಸ್ಕ’ ಎಂದರೆ ತಿರುಚಿದ್ದು, ಸುರುಳಿಯಾದದ್ದು. ತಿರುಚಿ ಮಾಡಿದ ರೊಟ್ಟಿಗೆ ಆ ಹೆಸರಿತ್ತು.

ಯಾಕೆ ಎರಡು ಸಲ? ಹಡಗಿಗಾಗಿ. ತಿಂಗಳುಗಟ್ಟಲೆ ಸಮುದ್ರದ ಮೇಲಿರುವವರಿಗೆ ಮೆತ್ತನೆಯ ಬ್ರೆಡ್ಡು ಕೊಟ್ಟು ಕಳಿಸಿದರೆ ಒಂದು ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿಗೆ ಬೇಕಾದದ್ದು ನೀರು. ನೀರನ್ನು ತೆಗೆದುಬಿಟ್ಟರೆ ಅದು ಬದುಕಲಾರದು. ಹಿಟ್ಟು, ನೀರು, ಚಿಟಿಕೆ ಉಪ್ಪು, ಇಷ್ಟನ್ನೇ ಸೇರಿಸಿ ಬೇಯಿಸಿ, ಕಲ್ಲಿನಂತಾಗುವವರೆಗೆ ಒಣಗಿಸಿ, ಚೀಲಗಳಲ್ಲಿ ತುಂಬಿ ಹಡಗಿಗೆ ಏರಿಸುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ನೌಕಾ ಇಲಾಖೆಯ ಅಧಿಕಾರಿ ಸ್ಯಾಮ್ಯುಯೆಲ್ ಪೆಪಿಸ್ ಇಂಗ್ಲೆಂಡಿನ ನೌಕಾಪಡೆಯ ಪಡಿಯನ್ನು ಕ್ರಮಬದ್ಧಗೊಳಿಸಿದಾಗ ನಾವಿಕನೊಬ್ಬನಿಗೆ ದಿನಕ್ಕೆ ಒಂದು ಪೌಂಡು ಬಿಸ್ಕತ್ತು ಎಂದು ನಿಗದಿಯಾಗಿತ್ತು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ಇಂಗ್ಲಿಷ್ ನಿಘಂಟಿನಲ್ಲಿ ಬಿಸ್ಕತ್ತಿಗೆ ಕೊಟ್ಟ ಮೊದಲ ಅರ್ಥ ಸಮುದ್ರಕ್ಕೆ ಕೊಂಡೊಯ್ಯುವ ಗಟ್ಟಿಯಾದ ಒಣ ಬ್ರೆಡ್ಡು ಎಂದು. ದೂರದ ಪ್ರಯಾಣಕ್ಕಾದರೆ ಅದನ್ನು ನಾಲ್ಕು ಸಲ ಬೇಯಿಸುತ್ತಾರೆ ಎಂದೂ ಅವರು ಬರೆದಿದ್ದಾರೆ. ಈ ನಾಲ್ಕರ ಸಂಗತಿ ನನಗೆ ಬಹಳ ಮೆಚ್ಚುಗೆಯಾದದ್ದು. ಎರಡು ಎಂಬುದು ಲೆಕ್ಕಕ್ಕೆ ಇಟ್ಟ ಹೆಸರು, ಉದ್ದೇಶ ನೀರನ್ನು ಪೂರ್ತಿ ಓಡಿಸುವುದು ಎಂದು ಅದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಒಂದೇ ಸಲ ಬೇಯುವ ಬೆಣ್ಣೆ ಬಿಸ್ಕತ್ತಿಗೆ ಈ ಹೆಸರು ಹೇಗೆ ಬಂತು? ತೆಳ್ಳಗೆ ಇರುವುದರಿಂದ, ಹಿಟ್ಟಿನಲ್ಲಿ ನೀರು ಕಡಿಮೆ ಇದ್ದು ಸಕ್ಕರೆ ಕೊಬ್ಬು ಹೆಚ್ಚಿರುವುದರಿಂದ ಒಂದೇ ಸುತ್ತಿನಲ್ಲಿ ಅದು ಬೆಂದೂ ಆಗುತ್ತದೆ, ಒಣಗಿಯೂ ಆಗುತ್ತದೆ. ಕೆಲಸ ಬದಲಾಯಿತು, ಗರಿಗರಿಯಾದ ಫಲ ಒಂದೇ ಆಗಿ ಉಳಿಯಿತು, ಹೆಸರು ಫಲಕ್ಕೆ ಅಂಟಿಕೊಂಡಿತು. ಅಮೆರಿಕದಲ್ಲಂತೂ ಬಿಸ್ಕತ್ತು ಎಂದರೆ ಸೋಡಾ ಹಾಕಿ ಉಬ್ಬಿಸಿದ ಮೆತ್ತನೆಯ ಬನ್ನಿನಂಥದು. ನಾವು ಬಿಸ್ಕತ್ತು ಎನ್ನುವುದಕ್ಕೆ ಅವರು ‘ಕುಕಿ’ ಎನ್ನುತ್ತಾರೆ, ಅದು ಡಚ್ ಭಾಷೆಯಲ್ಲಿ ಚಿಕ್ಕ ಕೇಕು ಎಂಬರ್ಥದ ಪದದಿಂದ ಬಂದದ್ದು.

ಬ್ರಿಟನ್ನಿನಲ್ಲಿ 1991ರಲ್ಲಿ ಜಾಫಾ ಕೇಕ್ ಎಂಬ ತಿನಿಸು ಕೇಕೋ ಬಿಸ್ಕತ್ತೋ ಎಂಬ ಪ್ರಶ್ನೆ ತೆರಿಗೆ ನ್ಯಾಯಮಂಡಳಿಯ ಮುಂದೆ ಹೋಗಿತ್ತು. ಚಾಕೊಲೇಟ್ ಬಳಿದ ಬಿಸ್ಕತ್ತಿಗೆ ತೆರಿಗೆ ಇತ್ತು, ಕೇಕಿಗೆ ಇರಲಿಲ್ಲ. ಅಲ್ಲಿ ಪರಿಗಣಿಸಿದ ಅಂಶಗಳಲ್ಲಿ ಒಂದನ್ನು ಅಡುಗೆಮನೆಯಲ್ಲಿ ಬರೆದು ಅಂಟಿಸಿಕೊಳ್ಳಬಹುದು: ಹಳತಾದಾಗ ಕೇಕು ಗಟ್ಟಿಯಾಗುತ್ತದೆ, ಬಿಸ್ಕತ್ತು ಮೆತ್ತಗಾಗುತ್ತದೆ. ಜಾಫಾ ಕೇಕ್ ಗಟ್ಟಿಯಾಗುತ್ತಿತ್ತು, ಕೇಕೆಂದೇ ತೀರ್ಪಾಯಿತು. ಕೇಕಿನಲ್ಲಿ ನೀರಿದೆ, ಅದು ಗಾಳಿಗೆ ಹೋಗುತ್ತದೆ. ಬಿಸ್ಕತ್ತಿನಲ್ಲಿ ನೀರಿಲ್ಲ, ಅದು ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ ಬೆಂಗಳೂರಿನ ಯಾವ ಮನೆಯಲ್ಲಾದರೂ ಡಬ್ಬದ ಮುಚ್ಚಳ ಸಡಿಲ ಬಿಟ್ಟು ನೋಡಿ, ಮರುದಿನವೇ ಗೊತ್ತಾಗುತ್ತದೆ.

ಮೊದಲನೆಯ ಸಲ: ಬೇಯಿಸುವುದು

ಅಂಗಡಿಯ ಬ್ರೆಡ್ಡಿನಿಂದಲೂ ರಸ್ಕು ಮಾಡಬಹುದು, ಅದನ್ನು ಮುಂದೆ ಹೇಳುತ್ತೇನೆ. ಆದರೆ ಒಂದು ಸಲವಾದರೂ ಹಿಟ್ಟಿನಿಂದ ಆರಂಭಿಸಿ. ರಸ್ಕಿನ ಬ್ರೆಡ್ಡು ಸ್ಯಾಂಡ್‌ವಿಚ್ಚಿನ ಬ್ರೆಡ್ಡಿನಷ್ಟು ಹಗುರವಾಗಿರಬಾರದು. ರಂಧ್ರಗಳು ಚಿಕ್ಕವಾಗಿ, ಒತ್ತೊತ್ತಾಗಿ ಇರಬೇಕು. ಇಲ್ಲದಿದ್ದರೆ ಕಾಫಿಗೆ ಅದ್ದಿದ ಕ್ಷಣವೇ ಕುಸಿದು ಲೋಟದ ತಳ ಸೇರುತ್ತದೆ.

ಅರ್ಧ ಕಿಲೋ ಮೈದಾ, 70 ಗ್ರಾಂ ಸಕ್ಕರೆ, 40 ಗ್ರಾಂ ಬೆಣ್ಣೆ, 8 ಗ್ರಾಂ ಉಪ್ಪು, 6 ಗ್ರಾಂ ಒಣ ಯೀಸ್ಟು, ಕಾಯಿಸಿ ಆರಿಸಿದ ಹಾಲು 150 ಮಿಲಿಲೀಟರ್, ನೀರು ಸುಮಾರು 130 ಮಿಲಿಲೀಟರ್. ನೀರನ್ನು ಒಟ್ಟಿಗೇ ಸುರಿಯಬೇಡಿ. ಕೊನೆಯ ಎರಡು ಚಮಚವನ್ನು ಕೈಯಲ್ಲಿಟ್ಟುಕೊಂಡು, ಹಿಟ್ಟು ಕೇಳಿದರೆ ಕೊಡಿ. ಪರಿಮಳಕ್ಕೆ ಏಲಕ್ಕಿ ಅಥವಾ ಸೋಂಪು. ನಮ್ಮಲ್ಲಿ ಸೋಂಪನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಅರೆಬರೆ ಕುಟ್ಟಿ ಹಾಕುತ್ತೇವೆ. ಪುಡಿಯಾದರೆ ಹಿಟ್ಟಿನೊಳಗೆ ಕಳೆದುಹೋಗುತ್ತದೆ, ಇಡಿಯಾಗಿದ್ದರೆ ಹಲ್ಲಿಗೆ ಸಿಕ್ಕಾಗ ಮಾತ್ರ ರುಚಿ ಕೊಡುತ್ತದೆ.

ಬೆಣ್ಣೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಲಸಿ ಹತ್ತು ನಿಮಿಷ ಚೆನ್ನಾಗಿ ನಾದಿ. ಹಿಟ್ಟು ನುಣುಪಾದ ಮೇಲೆ ಬೆಣ್ಣೆ ಸೇರಿಸಿ ಮತ್ತೆ ನಾದಿ. ಮೊದಲೇ ಹಾಕಿದರೆ ಬೆಣ್ಣೆ ಹಿಟ್ಟಿನ ಕಣಗಳಿಗೆ ಮೆತ್ತಿಕೊಂಡು ನಾರು ಕಟ್ಟಲು ಬಿಡುವುದಿಲ್ಲ. ಒದ್ದೆ ಬಟ್ಟೆ ಮುಚ್ಚಿ ಎರಡರಷ್ಟು ಉಬ್ಬುವವರೆಗೆ ಇಡಿ. ಏಪ್ರಿಲ್‌ನಲ್ಲಿ ಮುಕ್ಕಾಲು ಗಂಟೆ ಸಾಕು. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಎರಡು ಗಂಟೆ ಬೇಕಾಗುತ್ತದೆ. ಗಡಿಯಾರ ನೋಡುವುದಕ್ಕಿಂತ ಬೆರಳನ್ನು ಒಣ ಹಿಟ್ಟಿಗೆ ಅದ್ದಿ, ಉಬ್ಬಿದ ಹಿಟ್ಟನ್ನು ಒತ್ತಿ ನೋಡುವುದು ಒಳ್ಳೆಯದು. ಕುಳಿ ಮೆಲ್ಲಗೆ, ಅರ್ಧದಷ್ಟು ಮಾತ್ರ ತುಂಬಿಕೊಂಡರೆ ಹದವಾಗಿದೆ.

ಗಾಳಿಯನ್ನು ಒತ್ತಿ ತೆಗೆದು ಎರಡು ಭಾಗ ಮಾಡಿ, ಬಿಗಿಯಾಗಿ ಸುತ್ತಿ, ಬೆಣ್ಣೆ ಸವರಿದ ಎರಡು ಅಚ್ಚುಗಳಲ್ಲಿಡಿ. ಇಲ್ಲಿ ಬಿಗಿ ಮುಖ್ಯ. ಸುತ್ತುವಾಗ ಸಡಿಲ ಬಿಟ್ಟರೆ ಒಳಗೆ ಗುಹೆಯಾಗುತ್ತದೆ, ಆ ಜಾಗದ ಸ್ಲೈಸು ಮುರಿಯುತ್ತದೆ. ಎರಡನೆಯ ಬಾರಿ ಉಬ್ಬುವಾಗ ಅಚ್ಚಿನ ಅಂಚು ಮುಟ್ಟಿದೊಡನೆ ಒಲೆಗೆ ಹಾಕಿ. ಸ್ಯಾಂಡ್‌ವಿಚ್ ಬ್ರೆಡ್ಡಿಗಾದರೆ ಇನ್ನೂ ಸ್ವಲ್ಪ ಕಾಯುತ್ತೇವೆ, ರಸ್ಕಿಗೆ ಕಾಯಬಾರದು.

ಒವನ್ನನ್ನು 190 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿಟ್ಟಿರಿ. 30ರಿಂದ 35 ನಿಮಿಷ. ಬ್ರೆಡ್ಡನ್ನು ಅಚ್ಚಿನಿಂದ ಹೊರಗೆ ತೆಗೆದು ತಳಕ್ಕೆ ಬೆರಳ ಗಿಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಥರ್ಮಾಮೀಟರ್ ಇದ್ದವರು ನಡುವೆ ಚುಚ್ಚಿ ನೋಡಿ, 93 ಡಿಗ್ರಿ ದಾಟಿದ್ದರೆ ಬೆಂದಿದೆ. ಅಲ್ಲಿ ನೂರು ಬರುತ್ತದೆಂದು ಕಾಯುತ್ತ ಕೂರಬೇಡಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ನೀರಿರುವವರೆಗೆ ಬ್ರೆಡ್ಡಿನ ಒಡಲು ಅದಕ್ಕಿಂತ ಮೇಲೆ ಹೋಗುವುದಿಲ್ಲ.

ನಡುವಿನ ರಾತ್ರಿ

ಬೆಂದ ಬ್ರೆಡ್ಡನ್ನು ಅಂದೇ ಕೊಯ್ಯಬಾರದು. ಬಿಸಿಬಿಸಿಯಾಗಿ ಕೊಯ್ದರೆ ಚಾಕುವಿಗೆ ಮೆತ್ತಿಕೊಳ್ಳುತ್ತದೆ, ಸ್ಲೈಸಿನ ಮೈ ಜಜ್ಜಿಹೋಗುತ್ತದೆ. ತಂತಿಯ ಜಾಲರಿಯ ಮೇಲೆ ಪೂರ್ತಿ ಆರಲು ಬಿಟ್ಟು, ಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಇಡಿ. ಆ ಹೊತ್ತಿನಲ್ಲಿ ಪಿಷ್ಟ ಮತ್ತೆ ಬಿಗಿಯಾಗುತ್ತದೆ. ಬ್ರೆಡ್ಡು ಹಳತಾಗುವುದು ಎನ್ನುತ್ತೇವಲ್ಲ, ಅದೇ. ತಿನ್ನುವ ಬ್ರೆಡ್ಡಿಗೆ ಅದು ಕೇಡು, ರಸ್ಕಿಗೆ ಅದು ಹದ.

ಬೆಳಿಗ್ಗೆ ಗರಗಸದ ಹಲ್ಲಿನ ಉದ್ದ ಚಾಕು ತೆಗೆದುಕೊಳ್ಳಿ. ಒತ್ತಬಾರದು. ಚಾಕುವಿನ ಭಾರವನ್ನೇ ಬ್ರೆಡ್ಡಿನ ಮೇಲೆ ಬಿಟ್ಟು ಹಿಂದಕ್ಕೂ ಮುಂದಕ್ಕೂ ಎಳೆಯಬೇಕು. ನಮ್ಮಲ್ಲಿ ಕೆಲಸಕ್ಕೆ ಸೇರಿದ ಹುಡುಗ ಮೊದಲ ಸಲ ಕೊಯ್ಯುವಾಗ ಅವನ ಎಡಗೈ ನೋಡುತ್ತೇನೆ, ಬಲಗೈಯನ್ನಲ್ಲ. ಎಡಗೈ ಬೆರಳುಗಳು ಬ್ರೆಡ್ಡಿನೊಳಗೆ ಹೂತಿದ್ದರೆ ಸ್ಲೈಸು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಬಂದೇ ಬರುತ್ತದೆ. “ಮಗುವಿನ ಬೆನ್ನ ಮೇಲೆ ಕೈ ಇಟ್ಟ ಹಾಗೆ ಇಡಪ್ಪ” ಎನ್ನುತ್ತೇನೆ. ದಪ್ಪ ಒಂದೂಕಾಲು ಸೆಂಟಿಮೀಟರ್ ಇರಲಿ. ಒಂದಕ್ಕಿಂತ ಕಡಿಮೆಯಾದರೆ ಬೇಗ ಒಣಗುತ್ತದೆ, ಆದರೆ ಕಾಫಿಯಲ್ಲಿ ನಿಲ್ಲುವುದಿಲ್ಲ. ಎರಡಾದರೆ ನಡುಭಾಗ ಒಣಗುವಷ್ಟರಲ್ಲಿ ಅಂಚು ಕಪ್ಪಾಗುತ್ತದೆ. ಎಲ್ಲ ಸ್ಲೈಸೂ ಒಂದೇ ದಪ್ಪ ಇರುವುದು ಸರಿಯಾದ ದಪ್ಪ ಇರುವುದಕ್ಕಿಂತಲೂ ಮುಖ್ಯ, ಏಕೆಂದರೆ ಅವೆಲ್ಲ ಒಟ್ಟಿಗೆ ಒಣಗಬೇಕು.

ಎರಡನೆಯ ಸಲ: ಒಣಗಿಸುವುದು

ಅಪ್ಪನ ಕಾಲದಲ್ಲಿ ಸೌದೆಯ ಒಲೆ. ಇಟ್ಟಿಗೆಯ ಗೂಡಿನೊಳಗೆ ಬೆಂಕಿ ಉರಿಸಿ, ಕೆಂಡ ತೆಗೆದು, ಬ್ರೆಡ್ಡು ಬನ್ನುಗಳನ್ನು ಜೋರು ಕಾವಿನಲ್ಲಿ ಮುಗಿಸುತ್ತಿದ್ದರು. ಆಮೇಲೆ ಬಿಸ್ಕತ್ತುಗಳ ಸರದಿ. ಕೊನೆಗೆ, ಗೂಡಿಗೆ ಹೊಸ ಬೆಂಕಿಯಿಲ್ಲದೆ ಇಟ್ಟಿಗೆಗಳಲ್ಲಿ ಉಳಿದ ಕಾವು ಮಾತ್ರ ಇರುವಾಗ, ರಸ್ಕಿನ ತಟ್ಟೆಗಳನ್ನು ಒಳಗಿಟ್ಟು ಬಾಗಿಲು ಹಾಕಿ ಹೋಗುತ್ತಿದ್ದರು. ಬೆಳಗಿನ ಜಾವದ ಹೊತ್ತಿಗೆ ಒಲೆ ಆರಿರುತ್ತಿತ್ತು, ರಸ್ಕು ಒಣಗಿರುತ್ತಿತ್ತು. ಇಳಿಯುವ ಕಾವು ಎನ್ನುವುದು ಅದಕ್ಕೇ. ನನಗೆ ತಿಳಿದಂತೆ ರಸ್ಕಿನ ಗುಟ್ಟೆಲ್ಲ ಆ ಇಳಿಯುವ ಕಾವಿನಲ್ಲಿದೆ. ಈಗ ನಮ್ಮಲ್ಲಿ ಕರೆಂಟಿನ ಒವನ್ ಇದೆ. ಅದರಲ್ಲಿ ಅದೇ ಇಳಿತವನ್ನು ಕೈಯಿಂದ ಮಾಡಿಕೊಡಬೇಕು.

ಮನೆಯ ಒವನ್ನಿಗೆ ಹೇಳುತ್ತೇನೆ. ಮೊದಲು 150 ಡಿಗ್ರಿಗೆ ಕಾಯಿಸಿ. ಸ್ಲೈಸುಗಳನ್ನು ಒಂದಕ್ಕೊಂದು ತಾಗದಂತೆ ತಂತಿಯ ಜಾಲರಿಯ ಮೇಲೆ ಜೋಡಿಸಿ. ತಟ್ಟೆಯ ಮೇಲಿಟ್ಟರೆ ಅಡಿಭಾಗದ ಹಬೆಗೆ ಹೋಗಲು ದಾರಿಯಿರುವುದಿಲ್ಲ. ಹತ್ತು ನಿಮಿಷ ಹಾಗೇ ಇಟ್ಟು ಮೈಮೇಲೆ ತುಸು ಹೊಂಬಣ್ಣ ಬಂದ ಮೇಲೆ 120ಕ್ಕೆ ಇಳಿಸಿ. ಮುಂದಿನ 40ರಿಂದ 50 ನಿಮಿಷ ಬಣ್ಣ ಹೆಚ್ಚು ಬದಲಾಗಬಾರದು. ನಡುವೆ ಒಂದು ಸಲ ಮಗುಚಿ ಹಾಕಿ, ಹಿಂದಿನ ಸಾಲನ್ನು ಮುಂದಕ್ಕೆ ತನ್ನಿ. ಹದಿನೈದು ನಿಮಿಷಕ್ಕೊಮ್ಮೆ ಬಾಗಿಲನ್ನು ಕ್ಷಣ ಹೊತ್ತು ತೆರೆಯಿರಿ. ಮುಖಕ್ಕೆ ಬಂದು ಬಡಿಯುವ ಹಬೆಯೇ ನೀವು ಓಡಿಸಬೇಕಾದ ನೀರು. ಕೊನೆಯ ಸಲ ತೆರೆದಾಗ ಕನ್ನಡಕದ ಗಾಜು ಮಂಜಾಗದಿದ್ದರೆ ಕೆಲಸ ಮುಗಿಯುತ್ತ ಬಂದಿದೆ. ಆಗ ಒವನ್ ಆರಿಸಿ, ಬಾಗಿಲ ಸಂದಿಯಲ್ಲಿ ಮರದ ಚಮಚ ಸಿಕ್ಕಿಸಿ, ಪೂರ್ತಿ ತಣ್ಣಗಾಗುವವರೆಗೆ ಅಲ್ಲೇ ಬಿಡಿ.

ಆತುರಪಟ್ಟು 180ಕ್ಕೆ ಇಟ್ಟರೆ ಏನಾಗುತ್ತದೆ? ಮೇಲ್ಮೈ ಬೇಗ ಕೆಂಪಾಗುತ್ತದೆ. ಒಳಗಿನ ನೀರು ಮೇಲಕ್ಕೆ ಬರಲು ಸಮಯವೇ ಸಿಗುವುದಿಲ್ಲ. ಕೆಂಪಾಯಿತೆಂದು ಹೊರಗೆ ತೆಗೆಯುತ್ತೀರಿ. ಬಿಸಿಯಲ್ಲಿ ಅಂಚು ಮುರಿದು ನೋಡಿದರೆ ಗರಿಗರಿಯಾಗಿಯೇ ಇರುತ್ತದೆ. ಡಬ್ಬಕ್ಕೆ ತುಂಬಿದ ಮೇಲೆ ನಡುವಿನ ನೀರು ನಿಧಾನವಾಗಿ ಅಂಚಿಗೆ ಹರಡಿ ಮರುದಿನ ಎಲ್ಲವೂ ಮೆತ್ತಗೆ. “ಏನಪ್ಪಾ, ನಿನ್ನೆ ಚೆನ್ನಾಗಿತ್ತು, ಇವತ್ತು ರಬ್ಬರಾಗಿದೆ” ಎಂದು ಗವಿಪುರದಿಂದ ಬರುವ ಅಜ್ಜಿಯೊಬ್ಬರು ತಾವು ಮನೆಯಲ್ಲಿ ಮಾಡಿದ ರಸ್ಕನ್ನು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಬಂದು ನನಗೆ ತೋರಿಸಿದ್ದರು. ಅವರ ಅಳತೆಯಲ್ಲಿ ಒಂದಿಷ್ಟೂ ದೋಷವಿರಲಿಲ್ಲ. “ಅಮ್ಮಾ, ಬಣ್ಣ ನೋಡಿ ತೆಗೆಯಬೇಡಿ, ತೂಕ ನೋಡಿ ತೆಗೆಯಿರಿ” ಎಂದೆ.

ಆ ಮಾತನ್ನು ಇಲ್ಲೂ ಹೇಳುತ್ತೇನೆ, ಏಕೆಂದರೆ ಕಣ್ಣಿಗೆ ಕಾಣದ್ದನ್ನು ಅಳೆಯಲು ಮನೆಯಲ್ಲಿ ಬೇರೆ ದಾರಿಯಿಲ್ಲ. ಒಂದು ಚಿಕ್ಕ ತಕ್ಕಡಿ ಸಾಕು. ಒಳಗಿಡುವ ಮೊದಲು ಎಲ್ಲ ಸ್ಲೈಸುಗಳನ್ನೂ ತೂಗಿ ಬರೆದಿಟ್ಟುಕೊಳ್ಳಿ. ಬ್ರೆಡ್ಡಿನ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ನೀರೇ. ಒಳ್ಳೆಯ ರಸ್ಕಿನಲ್ಲಿ ಉಳಿಯಬೇಕಾದದ್ದು 5 ಶೇಕಡಕ್ಕಿಂತ ಕಡಿಮೆ. ಹಾಗಾಗಿ ಮೇಲೆ ಹೇಳಿದ ಹಿಟ್ಟಿನ ಬ್ರೆಡ್ಡಾದರೆ 100 ಗ್ರಾಂ ಸ್ಲೈಸು ಒಣಗಿ ಸುಮಾರು 70 ಗ್ರಾಂ ಆಗಬೇಕು. ಅಂಗಡಿಯ ಸಾದಾ ಬ್ರೆಡ್ಡಿನಲ್ಲಿ ಸಕ್ಕರೆ ಬೆಣ್ಣೆ ಕಡಿಮೆ, ನೀರು ಹೆಚ್ಚು, ಅದು 66ರ ಆಸುಪಾಸಿಗೆ ಬರಬೇಕು. ತಕ್ಕಡಿ 80 ತೋರಿಸುತ್ತಿದ್ದರೆ ಬಣ್ಣ ಎಷ್ಟೇ ಚೆಂದವಿದ್ದರೂ ಮತ್ತೆ 110 ಡಿಗ್ರಿಯಲ್ಲಿ ಇಡಿ. ಹಡಗಿನವರು ನಾಲ್ಕು ಸಲ ಇಟ್ಟರು, ನಾವು ಮೂರನೆಯ ಸಲಕ್ಕೆ ಹಿಂಜರಿಯಬೇಕಾಗಿಲ್ಲ.

ತಕ್ಕಡಿ ಇಲ್ಲದವರು ತಣ್ಣಗಾದ ಮೇಲೆ ಸ್ಲೈಸನ್ನು ಸರಿಯಾಗಿ ನಡುವೆ ಮುರಿಯಿರಿ, ಅಂಚಿನಲ್ಲಲ್ಲ. ಒಂದೇ ಟಕ್ ಸದ್ದಿನೊಂದಿಗೆ ಎರಡಾಗಬೇಕು, ಎಳೆ ಕಾಣಬಾರದು. ಮುರಿದ ಮೈಯನ್ನು ಮೇಲ್ದುಟಿಗೆ ತಾಗಿಸಿ ನೋಡಿ. ತಂಪು ಅನಿಸಿದರೆ ಇನ್ನೂ ನೀರಿದೆ. ಬೆರಳಿಗೆ ತಿಳಿಯದ ತೇವ ತುಟಿಗೆ ತಿಳಿಯುತ್ತದೆ.

ಖಾರದ್ದು ಬೇಕಾದರೆ

ಸಕ್ಕರೆಯನ್ನು ಒಂದು ದೊಡ್ಡ ಚಮಚಕ್ಕೆ ಇಳಿಸಿ. ಪೂರ್ತಿ ಬಿಡಬೇಡಿ, ಬಣ್ಣಕ್ಕೆ ಅಷ್ಟು ಬೇಕು. ಉಪ್ಪು 10 ಗ್ರಾಂ. ಏಲಕ್ಕಿ, ಸೋಂಪಿನ ಬದಲು ಹಸಿಮೆಣಸಿನಕಾಯಿ, ಕರಿಬೇವು, ಜೀರಿಗೆ, ಚೂರು ಇಂಗು. ಹಸಿಮೆಣಸನ್ನೂ ಕರಿಬೇವನ್ನೂ ಸಣ್ಣಗೆ ಹೆಚ್ಚಿ, ಹಿಟ್ಟಿಗೆ ಹಾಕಬೇಕಾದ ಬೆಣ್ಣೆಯಲ್ಲೇ ಚಟಪಟ ಸದ್ದು ನಿಲ್ಲುವವರೆಗೆ ಹುರಿಯಿರಿ. ಆ ಸದ್ದು ನೀರಿನದು. ಅದು ನಿಂತ ಮೇಲೆ ಬೆಣ್ಣೆಯನ್ನು ಆರಿಸಿ ಹಿಟ್ಟಿಗೆ ಸೇರಿಸಿ. ಈರುಳ್ಳಿ ಹಾಕಬೇಡಿ. ಖಾರಾ ಬನ್ನಿಗೆ ಅದು ಚಿನ್ನ, ರಸ್ಕಿಗಾದರೆ ಪ್ರತಿ ಚೂರೂ ತನ್ನ ಸುತ್ತ ಒಂದು ತೇವದ ಕಲೆ ಬಿಡುತ್ತದೆ.

ಅಂಗಡಿಯ ಬ್ರೆಡ್ಡು ಮತ್ತು ಕಾವಲಿ

ಒವನ್ ಇಲ್ಲದ ಮನೆಯಲ್ಲೂ ಆಗುತ್ತದೆ. ಹತ್ತಿರದ ಬೇಕರಿಯಿಂದ ಕೊಯ್ಯದ ಒಂದು ಪೌಂಡು ಬ್ರೆಡ್ಡು ತನ್ನಿ. ಮೆಷಿನ್ನಿನಲ್ಲಿ ಕೊಯ್ದದ್ದು ತೆಳ್ಳಗಿರುತ್ತದೆ, ಹಾಗೇ ಕೊಡಿ ಎಂದು ಕೇಳಿ ಪಡೆಯಿರಿ. ನಿನ್ನೆಯದು ಇದೆಯೇ ಎಂದು ಕೇಳಲು ಸಂಕೋಚ ಬೇಡ, ರಸ್ಕಿಗೆಂದರೆ ಅಂಗಡಿಯವರಿಗೆ ಅರ್ಥವಾಗುತ್ತದೆ.

ಬಿಸಿಲಿನ ದಿನವಾದರೆ ಸ್ಲೈಸುಗಳನ್ನು ತೆಳು ಬಟ್ಟೆ ಮುಚ್ಚಿ ತಾರಸಿಯ ಮೇಲೆ ಮೂರು ನಾಲ್ಕು ಗಂಟೆ ಇಡಿ. ಹಪ್ಪಳ ಸಂಡಿಗೆ ಒಣಗಿಸುವ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬಿಸಿಲು ಇದಕ್ಕೂ ಒಳ್ಳೆಯದು. ಅರ್ಧ ನೀರು ಅಲ್ಲೇ ಹೋಗುತ್ತದೆ. ಆಮೇಲೆ ದಪ್ಪ ಕಬ್ಬಿಣದ ದೋಸೆ ಕಾವಲಿಯನ್ನು ಅತಿ ಸಣ್ಣ ಉರಿಯ ಮೇಲಿಟ್ಟು, ಎಣ್ಣೆ ಹಾಕದೆ, ಮುಚ್ಚಳ ಮುಚ್ಚದೆ ಸ್ಲೈಸುಗಳನ್ನು ಹರಡಿ. ಮೂರು ನಾಲ್ಕು ನಿಮಿಷಕ್ಕೊಮ್ಮೆ ಮಗುಚುತ್ತ ಅರ್ಧ ಗಂಟೆ. ಕಾವಲಿಗೆ ತಾಗಿದ ಮೈ ಒಂದೇ ಸಲ ಕೆಂಪಾದರೆ ಉರಿ ಹೆಚ್ಚಾಗಿದೆ ಎಂದರ್ಥ, ಕಾವಲಿಯನ್ನು ಕೆಳಗಿಳಿಸಿ ಸ್ವಲ್ಪ ಹೊತ್ತು ಬಿಡಿ. ಕೊನೆಗೆ ಉರಿ ಆರಿಸಿ, ಸ್ಲೈಸುಗಳನ್ನು ಕಾವಲಿಯ ಮೇಲೆಯೇ ತಣಿಯಲು ಬಿಡಿ. ಇದೂ ಇಳಿಯುವ ಕಾವೇ.

ಡಬ್ಬಕ್ಕೆ ಹಾಕುವುದು

ಉಗುರುಬೆಚ್ಚಗಿರುವಾಗ ತುಂಬಬೇಡಿ. ಮುಚ್ಚಳದ ಒಳಮೈಯಲ್ಲಿ ಹನಿ ಕಟ್ಟಿದರೆ ಇಷ್ಟು ಹೊತ್ತಿನ ಕೆಲಸ ನೀರುಪಾಲು. ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬ ಅಥವಾ ಗಾಜಿನ ಭರಣಿ ಇರಲಿ. ದೊಡ್ಡದೊಂದಕ್ಕಿಂತ ಚಿಕ್ಕವು ಎರಡು ಮೇಲು, ದಿನಾ ತೆರೆಯುವುದು ಒಂದನ್ನೇ ಆಗುತ್ತದೆ. ಸರಿಯಾಗಿ ಒಣಗಿದ ರಸ್ಕು ಮಳೆಗಾಲದಲ್ಲೂ ಎರಡು ಮೂರು ವಾರ ಗರಿಗರಿಯಾಗಿರುತ್ತದೆ. ಬೆಣ್ಣೆಯಿರುವುದರಿಂದ ತಿಂಗಳುಗಟ್ಟಲೆ ಇಡಬೇಡಿ, ಜಿಡ್ಡು ಕಮಟುತ್ತದೆ. ಹಡಗಿನ ಬಿಸ್ಕತ್ತಿನಲ್ಲಿ ಜಿಡ್ಡೇ ಇರುತ್ತಿರಲಿಲ್ಲ.

ಮೆತ್ತಗಾದರೆ ಬಿಸಾಡಬೇಡಿ. 120 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು ತಣಿಸಿದರೆ ಮೊದಲಿನಂತಾಗುತ್ತದೆ. ಮುರಿದ ಚೂರುಗಳನ್ನೂ ಡಬ್ಬದ ತಳದ ಪುಡಿಯನ್ನೂ ಮಿಕ್ಸಿಯಲ್ಲಿ ತರಿತರಿಯಾಗಿ ತಿರುಗಿಸಿ ಬೇರೆ ಇಡಿ. ಖಾರದ ಪುಡಿ ಕಟ್ಲೆಟ್ ಹೊರಳಿಸಲು ಆಗುತ್ತದೆ. ಸಿಹಿಯದನ್ನು ನಮ್ಮ ಮನೆಯಲ್ಲಿ ತುಪ್ಪದಲ್ಲಿ ಬೆಚ್ಚಗೆ ಮಾಡಿ, ಬಿಸಿ ಹಾಲು ಹಾಕಿ, ಬಾಳೆಹಣ್ಣು ಹೆಚ್ಚಿ ಬೆರೆಸಿ ಮಕ್ಕಳಿಗೆ ಕೊಡುತ್ತಾರೆ. ಹಾಲು ಹಾಕಿದ ಮೇಲೆ ಕಾಯಬಾರದು, ತಕ್ಷಣ ಬಡಿಸಬೇಕು.